ಒಂದೇ ಕಣ್ಣು ಕೆಂಪು

ಊದುವ ಮಿಷನ್ ಮೂರನೇ ಸಲವೂ ಸೊನ್ನೆ ತೋರಿಸಿತು. ಲಿಂಗರಾಜ್ ಅದನ್ನು ಅಂಗೈಗೆ ಬಡಿದ, ಅಂಗಿಯ ತುದಿಗೆ ಒರೆಸಿದ, ತಾನೇ ಒಂದು ಸಲ ಊದಿ ನೋಡಿದ. ಆಗಲೂ ಸೊನ್ನೆ.

"ಮಿಷನ್ ಕೆಟ್ಟೈತಿ," ಅಂದ.

"ಮಿಷನ್ ಸರಿ ಐತಿ. ನಿನ್ನ ತಲಿ ಕೆಟ್ಟೈತಿ," ಅಂದೆ.

"ಸಿಟ್ಟಾಗಬ್ಯಾಡ ಮರಿಸ್ವಾಮಣ್ಣ. ಕನ್ನಡಿ ನೋಡ್ಕೊ. ನಿನ್ನ ಕಣ್ಣು ಒಂದು ಹೇಳ್ತೈತಿ, ಮಿಷನ್ ಒಂದು ಹೇಳ್ತೈತಿ. ನಾ ಯಾರನ್ನ ನಂಬ್ಲಿ?"

ಹೊಸಪೇಟೆಯಿಂದ ತೋರಣಗಲ್ಲಿನ ಕಾರ್ಖಾನೆಗೆ ಪಾಳಿಯ ಕೆಲಸಗಾರರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್ ನಾನು. ಹದಿನೆಂಟು ವರ್ಷವಾಯಿತು. ಬಸ್ಸು ಒಬ್ಬ ಗುತ್ತಿಗೆದಾರನದು, ಲಿಂಗರಾಜ್ ಅವನ ಸೂಪರ್‌ವೈಸರ್. ಬೆಳಿಗ್ಗೆ ಶೆಡ್ಡಿನಲ್ಲಿ ಎಲ್ಲ ಡ್ರೈವರುಗಳೂ ಆ ಮಿಷನ್ನಿನೊಳಗೆ ಊದಬೇಕು. ಸೊನ್ನೆ ಬಂದರೆ ಕೀಲಿಕೈ ಕೈಗೆ, ಇಲ್ಲದಿದ್ದರೆ ಮನೆಗೆ. ಎಲ್ಲರೂ ಒಂದು ಸಲ ಊದಿದರೆ ಸಾಕು. ನನ್ನ ಬಲಗಣ್ಣು ಕೆಂಪಾದ ಮೇಲೆ ನನಗೊಬ್ಬನಿಗೆ ಮೂರು ಸಲ ಎಂಬ ನಿಯಮ ಬಂತು.

ಕಣ್ಣೆಲ್ಲ ಕೆಂಪಾಗಿರಲಿಲ್ಲ. ಕೆಳರೆಪ್ಪೆಯ ಒಳಗಿನಿಂದ ಹತ್ತಿ ಬಂದು ಬಿಳಿಗುಡ್ಡೆಯ ಮೇಲೆ ಕೂತ ಒಂದು ತೇಪೆ, ಅಷ್ಟೇ. ಕೆಂಪು ಪೇರಲ ಹಣ್ಣಿನ ತಿರುಳಿನ ಬಣ್ಣ. ನೋವಿಲ್ಲ, ಕೆರೆತವಿಲ್ಲ, ನೀರು ಸುರಿಯುವುದಿಲ್ಲ. ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಸುಮ್ಮನೆ ಕೂತಿತ್ತು. ಆದರೆ ಎದುರು ಬಂದವನಿಗೆ ಮೊದಲು ಕಾಣುವುದು ಅದೇ.

ನಾನು ಕುಡಿಯುವವನಲ್ಲ. ನಮ್ಮದು ಕೊರಳಿಗೆ ಲಿಂಗ ಕಟ್ಟಿಕೊಳ್ಳುವ ಮನೆ, ಯಾರೂ ಮುಟ್ಟಿದವರಲ್ಲ. ನಾನು ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಎರಡು ವರ್ಷದ ಹಿಂದೆ ಊರ ಬಸ್‌ಸ್ಟಾಪಿನ ಗೂಡಂಗಡಿಯಲ್ಲಿ ಕದ್ದು ಸೆರೆ ಮಾರುತ್ತಿದ್ದರು. ಹೆಂಗಸರನ್ನು ಕರೆದುಕೊಂಡು ಹೋಗಿ ಆ ಅಂಗಡಿ ಎತ್ತಿಸಿದವನು ನಾನು. ಬಾಟಲಿಗಳನ್ನು ಕಾಲುವೆಗೆ ಸುರಿದವನೂ ನಾನೇ. ಆಮೇಲೆ ಕಟ್ಟೆಯ ಮೇಲೆ ನಿಂತು ಊರಿನ ಕುಡುಕರನ್ನೆಲ್ಲ ಹೆಸರು ಹಿಡಿದು, ಅವರ ಅಪ್ಪಂದಿರ ಹೆಸರನ್ನೂ ಸೇರಿಸಿ ಬೈದೆ. ಪಟ್ಟಿ ಉದ್ದವಿತ್ತು. ಮಧ್ಯದಲ್ಲಿ ಒಮ್ಮೆ ನೀರು ಕುಡಿಯಬೇಕಾಯಿತು.

ಈಗ ಆ ಪಟ್ಟಿಯಲ್ಲಿದ್ದವರೆಲ್ಲ ನನ್ನ ಕಣ್ಣು ನೋಡಲು ಬರತೊಡಗಿದರು.

ನಮ್ಮೂರು ಗಾದಿಗನೂರು ದಾಟಿದ ಮೇಲೆ ಎಡಕ್ಕೆ ಸಿಗುತ್ತದೆ. ಸ್ಟಾಪಿನಲ್ಲಿ ಒಂದೇ ಚಹಾದ ಹೋಟೆಲು. ನಾನು ಒಳಗೆ ಕಾಲಿಟ್ಟರೆ ಸಾಕು, ಮೂಲೆಯಿಂದ ಒಬ್ಬ ಕೇಳುತ್ತಿದ್ದ: "ಸ್ವಾಮಣ್ಣ, ನಿನ್ನಿ ಯಾವ ಬ್ರಾಂಡು?"

ಇನ್ನೊಬ್ಬ ಅವನಿಗೆ ಬುದ್ಧಿ ಹೇಳುತ್ತಿದ್ದ. "ಏ, ಸುಮ್ನಿರಲೇ. ಊರಾಗಿನ ಅಂಗಡಿ ಯಾಕ ತೆಗಿಸ್ಯಾನ ಅಂತ ಈಗ ಗೊತ್ತಾತು. ತಾ ಹೊಸಪ್ಯಾಟ್ಯಾಗ ಕುಡಿತಾನ, ನಮ್ಮ ಜೊತಿ ಕುಂತು ಕುಡ್ಯಾಕ ನಾಚಿಕಿ."

ಒಂದು ದಿನ ತಡೆಯಲಾಗದೆ ಅವನ ತೊಡೆಯ ಮೇಲೆ ಚಹಾ ಚೆಲ್ಲಿದೆ. ಅವನು ಕುಣಿಯುತ್ತಲೇ ಎಲ್ಲರಿಗೂ ಹೇಳಿದ: "ನೋಡ್ರಿ, ಏರೈತಿ."

ಔಷಧಕ್ಕೆ ಕಡಿಮೆ ಮಾಡಿರಲಿಲ್ಲ. ಮೆಡಿಕಲ್ ಶಾಪಿನವನು ಕೊಟ್ಟ ಮೂರು ಥರದ ಹನಿ ಹಾಕಿದೆ. ಮೂರು ತಿಂಗಳು ಹೋಯಿತು, ತೇಪೆ ಕಿರುಬೆರಳಿನ ಉಗುರಿನಷ್ಟು ಬೆಳೆಯಿತು. ನಮ್ಮವ್ವ ಮುದುಕಮ್ಮ ಮಾತ್ರ ಅದು ಅದಿರಿನ ಧೂಳೇ ಎಂದು ಹಟ ಹಿಡಿದಿದ್ದಳು. ಸಂಡೂರಿನ ಲಾರಿಗಳ ಹಿಂದೆ ಓಡಾಡುವವನ ಕಣ್ಣಿಗೆ ಮತ್ತೇನು ಬೀಳುತ್ತದೆ? ಅವಳ ಕಾಟಕ್ಕೆ ಕರೆಮ್ಮನ ಹತ್ತಿರ ಹೋದೆ. ಕರೆಮ್ಮ ಕಣ್ಣಿಗೆ ಬಿದ್ದ ಕಸವನ್ನು ನಾಲಿಗೆಯಿಂದ ತೆಗೆಯುವವಳು. ಸುತ್ತ ಹತ್ತೂರಿಗೆ ಅವಳ ನಾಲಿಗೆ ಪ್ರಸಿದ್ಧ. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರೆಪ್ಪೆ ಅಗಲಿಸಿ, ಒಂದು ಸಲ ನಾಲಿಗೆ ಆಡಿಸಿದಳು. ಅವಳು ಬೆಳಗಿನಿಂದ ಎಲೆ ತಂಬಾಕು ಹಾಕಿಕೊಂಡಿದ್ದಾಳೆಂದು ನನಗೆ ಆಗ ಗೊತ್ತಾಯಿತು. ಅಂಗಳದ ತುಂಬ ಓಡಾಡಿದೆ.

"ಕಸ ಇಲ್ಲಪ್ಪ," ಅಂದಳು ಆಕೆ, ಬಾಯಿ ಮುಕ್ಕಳಿಸುತ್ತ. "ಇದು ಒಳಗಿಂದ ಐತಿ. ನನ್ನ ಕೈಯಾಗಿಂದಲ್ಲ."

ತಿಕ್ಕಿ ತಿಕ್ಕಿ ಆವತ್ತು ಎರಡು ಕಣ್ಣೂ ಕೆಂಪಗಾದವು. ಮರುದಿನ ಲಿಂಗರಾಜ್ ಐದು ಸಲ ಊದಿಸಿದ.

ವಾರದೊಳಗೆ ಬಸ್ಸಿನ ಮಂದಿ ಸೇರಿ ಒಂದು ಅರ್ಜಿ ಕೊಟ್ಟರು. ಡ್ರೈವರ್ ಕಣ್ಣು ನೋಡಿದರೆ ಹೆದರಿಕೆಯಾಗುತ್ತದೆ, ಬೇರೆಯವರನ್ನು ಹಾಕಿ ಅಂತ. ಹದಿನೆಂಟು ವರ್ಷ ನನ್ನ ಹಿಂದೆ ಬಾಯಿ ತೆರೆದು ಗೊರಕೆ ಹೊಡೆದವರು ಸಹಿ ಹಾಕಿದ್ದರು. ಲಿಂಗರಾಜ್ ಅರ್ಜಿಯನ್ನು ಮೇಜಿನ ಮೇಲಿಟ್ಟ.

"ಒಂದು ತಿಂಗಳು ಟೈಮ್ ಕೊಡ್ತೀನಿ. ಇದು ಕುಡತದ್ದಲ್ಲ ಅಂತ ಡಾಕ್ಟರ್ ಕಡಿಂದ ಬರ್ಸ್ಕೊಂಡು ಬಾ. ಇಲ್ಲಾಂದ್ರ ಬಸ್ಸು ಬ್ಯಾರೆಯವ್ರಿಗೆ ಹೋಗ್ತೈತಿ. ನಂದೇನೂ ನಡೆಯಂಗಿಲ್ಲ."

ಅವನಿಗೆ ಏನೇನು ಅನ್ನಬೇಕೋ ಅಂದು ಊರಿಗೆ ಬಂದೆ. ಸ್ಟಾಪಿನ ಕಟ್ಟೆಯ ಮೇಲೆ ಹುಲುಗೇಶ್ ಒಬ್ಬನೇ ಕೂತಿದ್ದ. ಅದಿರಿನ ಲಾರಿಗಳಿಗೆ ತಾಡಪತ್ರಿ ಕಟ್ಟುವ ಕೆಲಸ ಅವನದು. ಸಂಜೆ ಆರರ ಮೇಲೆ ಕುಡಿಯುವ ಕೆಲಸ. ಅಂಗಡಿ ಎತ್ತಿಸಿದ ದಿನ ನಾನು ಬೈದ ಪಟ್ಟಿಯಲ್ಲಿ ಮೊದಲ ಹೆಸರು ಅವನದೇ. ಇನ್ನೂ ಆರಾಗಿರಲಿಲ್ಲ.

"ಬಾ ಸ್ವಾಮಣ್ಣ, ಕುಂದ್ರು. ಎಲ್ಲಿ, ಕಣ್ಣು ತೋರ್ಸು."

"ನೀನೂ ಶುರು ಮಾಡಬ್ಯಾಡಲೇ ಹುಲುಗ್ಯಾ. ಒದೀತೀನಿ."

"ಒದಿವಂತಿ, ಮೊದ್ಲು ತೋರ್ಸು." ಅವನು ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ. ಲಾರಿಯ ಟೈರು ನೋಡುವವನ ಹಾಗೆ ಸುಮಾರು ಹೊತ್ತು ನೋಡಿದ. "ಎಡಗಣ್ಣು ತಾನಾಗ ಯಾವಾಗರ ಹಿಂಗಾಗಿತ್ತಾ?"

"ಇಲ್ಲ."

"ಬೆಳಿಗ್ಗೆ ಕೆಂಪು, ಸಂಜಿಗೆ ಕಡಿಮಿ, ಹಂಗೇನರ?"

"ಇಲ್ಲ. ಯಾವಾಗ್ಲೂ ಹಿಂಗ."

"ಇದು ಕುಡತ ಅಲ್ಲ," ಅಂದ ಅವನು. ನಾಲ್ಕು ತಿಂಗಳಲ್ಲಿ ಆ ಮಾತು ಹೇಳಿದ ಮೊದಲ ಮನುಷ್ಯ. "ಇಪ್ಪತ್ತೆರಡು ವರ್ಷ ಆತು ನಾ ಕುಡಿಯಾಕ ಹತ್ತಿ. ಒಂದ ಕಣ್ಣು ಕೆಂಪಾಗಿದ್ದು ಒಂದಿನಾ ಇಲ್ಲ. ಆದ್ರ ಎರಡೂ ಆಗಬೇಕು. ಸೆರಿ ಬಲಕ್ಕ ಒಂದು, ಎಡಕ್ಕ ಒಂದು ಮಾಡಂಗಿಲ್ಲ. ಮತ್ತ ಮಧ್ಯಾಹ್ನದಾಗ ಇಳಿದಿರಬೇಕು. ನಿಂದು ಇಳಿಯವಲ್ದು. ದೊಡ್ಡ ಡಾಕ್ಟರ್ ಕಡಿ ಹೋಗು. ಹನಿ ಗಿನಿ ಬಿಡು."

ಕುಡುಕನೊಬ್ಬ ನನಗೆ ಸರ್ಟಿಫಿಕೇಟ್ ಕೊಡುತ್ತಿದ್ದಾನೆ ಎಂಬುದಕ್ಕೇ ನನಗೆ ಸಿಟ್ಟು ಬಂತು. ಅವನ ಮಾತು ಸರಿಯಾಗಿದೆ ಅನ್ನಿಸಿದ್ದಕ್ಕೆ ಇನ್ನೂ ಹೆಚ್ಚು ಬಂತು. ಕೊರಳಿನ ಲಿಂಗ ಮುಟ್ಟಿ ಹೇಳಿದೆ: "ಲೇ, ಡಾಕ್ಟರೂ ಇದನ್ನ ಹೇಳಿದ್ರ, ನೀ ಏನ್ ಕೇಳ್ತಿ ಅದನ್ನ ಕೊಡಿಸ್ತೀನಿ."

"ಏನ್ ಕೇಳಿದ್ರೂ?"

"ಏನ್ ಕೇಳಿದ್ರೂ."

ಅವನು ತಾಡಪತ್ರಿಯ ಹಗ್ಗ ಸುತ್ತಿಕೊಂಡು ಎದ್ದ. "ನೆನಪಿಟ್ಕೊ," ಅಂದ. ಆರಾಗಿತ್ತು.

ಹೊಸಪೇಟೆಯ ಕಣ್ಣಿನ ಡಾಕ್ಟರಮ್ಮ ಸುಮಲತಾ ಸಣ್ಣ ವಯಸ್ಸಿನವರು. ಕೆಳರೆಪ್ಪೆ ಜಗ್ಗಿ ನೋಡಿದರು. ಸೂಜಿ ಕೊಟ್ಟು, ತೇಪೆಯಿಂದ ಅಕ್ಕಿಕಾಳಿನಷ್ಟು ಕತ್ತರಿಸಿ, ಡಬ್ಬಿಗೆ ಹಾಕಿ ಬಳ್ಳಾರಿಗೆ ಕಳಿಸಿದರು. ಹನ್ನೆರಡು ದಿನಕ್ಕೆ ರಿಪೋರ್ಟ್ ಬಂತು. ನನ್ನ ಹೆಂಡತಿ ಗಂಗಾಂಬಿಕಾಳನ್ನೂ ಕರೆದುಕೊಂಡು ಬನ್ನಿ ಅಂದಿದ್ದರು. ಹೋದೆವು.

"ಇದು ಲಿಂಫೋಮಾ ಮರಿಸ್ವಾಮಿಯವರೇ," ಅಂದರು. "ಒಂದು ಬಗೆಯ ಕ್ಯಾನ್ಸರ್."

ಗಂಗಾ ನನ್ನ ತೋಳು ಹಿಡಿದಳು. ನಾನು ಕೇಳಿದೆ: "ಕಣ್ಣಿಗೆಲ್ಲಿ ಕ್ಯಾನ್ಸರ್ ಬರ್ತೈತ್ರಿ? ಬೀಡಿ ಸೇದಿದವರಿಗೆ ಬಾಯಿಗೆ ಬರ್ತೈತಿ. ನಾ ಕಣ್ಣಿಂದ ಏನೂ ಸೇದಿಲ್ಲ."

ಅವರು ನಗಲಿಲ್ಲ. ಕಾಗದದ ಮೇಲೆ ಒಂದು ಮನುಷ್ಯನ ಚಿತ್ರ ಬರೆದು ಕುತ್ತಿಗೆ, ಕಂಕುಳ, ತೊಡೆಸಂದಿಯಲ್ಲಿ ಚುಕ್ಕೆ ಇಟ್ಟರು. "ರೋಗ ಬರದ ಹಾಗೆ ಮೈಯನ್ನು ಕಾಯುವ ಕಣಗಳಿಗೆ ಇಲ್ಲೆಲ್ಲ ಠಾಣೆ ಇರುತ್ತವೆ, ಗಂಟಿನ ಹಾಗೆ. ಲಿಂಫೋಮಾ ಹೆಚ್ಚಾಗಿ ಅಲ್ಲೇ ಶುರುವಾಗುತ್ತದೆ. ಆದರೆ ಆ ಕಾವಲಿನವರು ಠಾಣೆ ಬಿಟ್ಟು ಹೊರಗೂ ಹೋಗಿರುತ್ತಾರೆ. ಹೊಟ್ಟೆಗೆ, ಥೈರಾಯಿಡ್‌ಗೆ, ಬಿಳಿಗುಡ್ಡೆಯ ಮೇಲಿನ ತೆಳು ಪದರಕ್ಕೆ. ಕೆಲವು ಸಲ ಹೊರಗೆ ಹೋದವನೊಬ್ಬ ಅಲ್ಲೇ ಕೆಟ್ಟು, ತನ್ನಂಥವರನ್ನೇ ಬೆಳೆಸುತ್ತ ಹೋಗುತ್ತಾನೆ."

"ಗಣಿ ಕಾಯಾಕ ಇಟ್ಟ ಸೆಕ್ಯೂರಿಟಿಯವ ಗಣಿಯಾಗ ಮನಿ ಕಟ್ಟಿ, ತನ್ನ ಸಂಬಂಧಿಕರನ್ನೆಲ್ಲ ಕರಿಸ್ಕೊಂಡಂಗ."

"ಹೌದು, ಹಾಗೇ. ನಿಮ್ಮದು ಬಹಳ ನಿಧಾನವಾಗಿ ಬೆಳೆಯುವ ಜಾತಿ. ಹುಬ್ಬಳ್ಳಿಗೆ ಬರೆದುಕೊಡುತ್ತೇನೆ. ಬೇರೆಲ್ಲೂ ಇಲ್ಲ ಅಂತ ಮೊದಲು ಮೈಯೆಲ್ಲ ನೋಡಬೇಕು. ಬೇರೆಲ್ಲೂ ಕಾಣದಿದ್ದರೆ ಕಣ್ಣಿಗೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರೆ ಸಾಕು, ವಾಸಿಯಾಗುವ ಸಾಧ್ಯತೆ ತುಂಬ ಇದೆ."

"ಇದು ಕುಡಿಯೋದರಿಂದ ಬರಂಗಿಲ್ಲ, ಹೌದಲ್ರಿ?"

"ಇಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ."

"ಅದನ್ನ ಬರ್ಕೊಡ್ರಿ."

"ಯಾವುದನ್ನ?"

"ಈಗ ಹೇಳಿದ್ರಲ್ಲ, ಅದನ್ನ. ಸಹಿ, ಸೀಲು ಹಾಕಿ."

ಡಾಕ್ಟರಮ್ಮ ಗಂಗಾಳ ಮುಖ ನೋಡಿದರು. ಗಂಗಾ ನನ್ನ ಮುಖ ನೋಡಿದಳು. ಹೊರಗೆ ಬಂದು ಬೈಕ್ ಹತ್ತುವಾಗ ಅವಳು ಹೇಳಿದಳು: "ಕ್ಯಾನ್ಸರ್ ಅಂದ್ರು. ನೀವು ನಕ್ರಿ."

"ನಕ್ಕಿಲ್ಲ."

"ನಕ್ರಿ. ನಾ ನೋಡೀನಿ."

ನಗದೆ ಇನ್ನೇನು ಮಾಡಲಿ? ನಾಲ್ಕು ತಿಂಗಳಿಂದ ಊರೆಲ್ಲ ಕುಡುಕ ಅಂದಿತ್ತು. ಈಗ ಸೀಲು ಹಾಕಿದ ಕಾಗದ ಕಿಸೆಯಲ್ಲಿತ್ತು. ಗಂಗಾ ಹಿಂದೆ ಕೂತು ಬೆನ್ನಿಗೆ ಮುಖ ಒತ್ತಿ ಅಳುತ್ತಿದ್ದಳು, ಅಂಗಿ ಒದ್ದೆಯಾಗಿತ್ತು. ಹಾಗೇ ನೇರ ಶೆಡ್ಡಿಗೆ ಹೋದೆ. ಲಿಂಗರಾಜನ ಮೇಜಿನ ಮೇಲೆ ಕಾಗದವನ್ನು ಕುಕ್ಕಿದೆ. ಅಲ್ಲಿದ್ದ ಡ್ರೈವರುಗಳಿಗೆಲ್ಲ ಕೇಳುವ ಹಾಗೆ ಹೇಳಿದೆ:

"ಓದಲೇ. ಕ್ಯಾನ್ಸರ್ ಐತಿ ನನಗ. ಕುಡತ ಅಲ್ಲ. ಕ್ಯಾನ್ಸರ್."

ಲಿಂಗರಾಜ್ ಓದಿದ. ಎದ್ದು ನಿಂತ. ಕುರ್ಚಿ ಎಳೆದು ನನ್ನನ್ನು ಕೂರಿಸಿದ. ನೀರು ತರಿಸಿದ. ಹದಿನೆಂಟು ವರ್ಷದಲ್ಲಿ ಆ ಕುರ್ಚಿಯ ಮೇಲೆ ನಾನು ಕೂತದ್ದು ಅದೇ ಮೊದಲು.

"ಕೀಲಿಕೈ ಕೊಡು," ಅಂದೆ.

"ಹೆಂಗ ಕೊಡ್ಲಿ ಮರಿಸ್ವಾಮಣ್ಣ? ಕುಡುದಿದ್ರ ಇಳಿಯೋತನಕ ಕಾಯಬಹುದಿತ್ತು. ಕಣ್ಣಿಗೆ ಕ್ಯಾನ್ಸರ್ ಇದ್ದವನ ಕೈಯಾಗ ಐವತ್ತು ಮಂದಿನ ಕೊಡಾಕ ಬರ್ತೈತೇನು?"

ಇದನ್ನು ನಾನು ಯೋಚಿಸಿರಲಿಲ್ಲ. ಗಂಗಾ ಯೋಚಿಸಿದ್ದಳಂತೆ. ದಾರಿಯಲ್ಲಿ ಹೇಳಿದಳಂತೆ. ಗಾಳಿಗೆ ಕೇಳಿಸಲಿಲ್ಲ.

ಊರಿನವರು ಒಂದೇ ದಿನದಲ್ಲಿ ಮಾತು ಬದಲಿಸಿದರು. ಹೋಟೆಲಿನಲ್ಲಿ ನನ್ನನ್ನು ಕಂಡರೆ ಜಾಗ ಬಿಡತೊಡಗಿದರು. ಚಹಾ ಚೆಲ್ಲಿಸಿಕೊಂಡವನು ಮನೆಗೆ ಬಾಳೆಹಣ್ಣು ತಂದುಕೊಟ್ಟು ಹೋದ. ಗಂಗಾ ನೀರು ತರಲು ಹೋದಾಗ ಕೇಳಿಸಿಕೊಂಡು ಬಂದಳು: "ಪಾಪ, ಕುಡುದು ಕುಡುದು ಕಣ್ಣಿಗೆ ಕ್ಯಾನ್ಸರ್ ತಂದ್ಕೊಂಡ. ಹೆಂಡ್ತಿ ಮುಖನಾದ್ರೂ ನೋಡಬೇಕಿತ್ತು."

ಆ ಮಾತಿಗೆ ಊರಿನಲ್ಲಿ ಜಗಳ ಮಾಡುತ್ತಿದ್ದವನು ಹುಲುಗೇಶ್ ಒಬ್ಬನೇ. ದಿನಾ ಸಂಜೆ ಆರರ ಮೇಲೆ, ಕಟ್ಟೆಯ ಮೇಲೆ ನಿಂತು ವಾದಿಸುತ್ತಿದ್ದ. "ಲೇ, ಕುಡುದ್ರ ಬರ್ತಿದ್ರ ನನಗ ಮೊದ್ಲು ಬರಬೇಕಿತ್ತಲ್ಲಲೇ. ನೋಡ್ರಿ ನನ್ನ ಕಣ್ಣು. ಎರಡೂ ನೋಡ್ರಿ." ಹೀಗೆ ಜೋಲಿ ಹೊಡೆಯುತ್ತ ಸಾಕ್ಷಿ ಹೇಳುವವನ ಮಾತು ಯಾರು ನಂಬುತ್ತಾರೆ? ಅವನು ಬಾಯಿ ತೆರೆದಷ್ಟೂ ನನ್ನ ಮೇಲಿನ ಅನುಮಾನ ಗಟ್ಟಿಯಾಗುತ್ತಿತ್ತು. ಬಾಯಿ ಮುಚ್ಚು ಅಂದೆ. ಮುಚ್ಚಲಿಲ್ಲ.

ಹುಬ್ಬಳ್ಳಿಯಲ್ಲಿ ಮೈಯೆಲ್ಲ ಸ್ಕ್ಯಾನ್ ಮಾಡಿದರು, ಸೊಂಟದ ಎಲುಬಿಗೆ ಸೂಜಿ ಹಾಕಿ ಮಜ್ಜೆ ತೆಗೆದರು. ಆ ಸೂಜಿಗೆ ನಾನು ಬೈದ ಬೈಗುಳ ಅಲ್ಲಿನ ನರ್ಸುಗಳಿಗೆ ಹೊಸದಂತೆ. ಒಬ್ಬಳು ಅರ್ಥ ಕೇಳಿದಳು. ಬೇರೆಲ್ಲೂ ಇರಲಿಲ್ಲ. ಕಣ್ಣಿಗೆ ಕರೆಂಟು ಎರಡೇ ದಿನ, ಒಂದೊಂದು ದಿನ ಕೆಲವು ನಿಮಿಷ ಅಂದರು.

"ಎರಡ ದಿನ?" ಅಂದೆ. "ಇದಕ್ಕ ನಾಲ್ಕು ತಿಂಗಳು ಬೈಸ್ಕೊಂಡೆನಾ?"

ಮೊದಲ ದಿನ ಮುಖಕ್ಕೆ ಜಾಳಿಗೆಯ ಮುಖವಾಡ ಹಾಕಿ, ಹಲಗೆಗೆ ಬಿಗಿದು, ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿಕೊಂಡರು. ಅಷ್ಟು ದೊಡ್ಡ ಕೋಣೆಯಲ್ಲಿ ನಾನೊಬ್ಬನೇ. ಬೈಯೋಣವೆಂದರೆ ತುಟಿ ಆಡುವುದಿಲ್ಲ. ಆಗ ಮೊದಲ ಸಲ ಅನ್ನಿಸಿತು, ಇದು ಕ್ಯಾನ್ಸರ್, ಕಣ್ಣು ಹೋಗಬಹುದಿತ್ತು, ನಾನೇ ಹೋಗಬಹುದಿತ್ತು. ಗಂಗಾ ಹೊರಗೆ ಬೆಂಚಿನ ಮೇಲೆ ಚೀಲ ಹಿಡಿದು ಕೂತಿದ್ದಾಳೆ, ಅವಳ ಹತ್ತಿರ ನಾನು ಇದುವರೆಗೆ ಒಂದು ಮಾತೂ ಸಮಾಧಾನದ್ದು ಆಡಿಲ್ಲ. ಹೊರಗೆ ಬಂದ ಮೇಲೆ ಆಡಬೇಕು ಅಂದುಕೊಂಡೆ. ಬಂದೆ. "ಊಟ ಆತಾ?" ಅಂದೆ. ಅವಳು ನನ್ನನ್ನು ನೋಡಿ, "ಆತು," ಅಂದಳು. ಊಟ ಮಾಡಿರಲಿಲ್ಲ.

ತಿಂಗಳು ಕಳೆಯುವುದರೊಳಗೆ ತೇಪೆ ಕರಗತೊಡಗಿತು. ಮೂರನೇ ತಿಂಗಳಿಗೆ ಬಲಗಣ್ಣು ಎಡಗಣ್ಣಿಗಿಂತ ಬೆಳ್ಳಗಾಗಿತ್ತು. ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು ಎಂದು ಹೇಳಿ ಡಾಕ್ಟರಮ್ಮ ಗಾಡಿ ಓಡಿಸಲು ಅಡ್ಡಿಯಿಲ್ಲವೆಂದು ಬರೆದುಕೊಟ್ಟರು. ಲಿಂಗರಾಜ್ ಒಂದೇ ಸಲ ಊದಿಸಿ ಕೀಲಿಕೈ ಕೊಟ್ಟ. ಅರ್ಜಿಗೆ ಸಹಿ ಹಾಕಿದವರು ಹತ್ತಿ ಕೂತು ಗೊರಕೆ ಶುರು ಮಾಡಿದರು. ಹೋಟೆಲಿನಲ್ಲೂ ಮಾತು ತಿರುಗಿತು: "ಸ್ವಾಮಣ್ಣ ಬಿಟ್ಟಾನಂತ. ನೋಡ್ರಿ, ಕಣ್ಣು ಹೆಂಗ ಬೆಳ್ಳಗಾತು." ಇರಲಿ, ಬಿಟ್ಟವನಾದರೂ ಆಗಲಿ ಅಂದುಕೊಂಡೆ.

ಆ ಭಾನುವಾರ ಹುಲುಗೇಶ್ ಮನೆ ಮುಂದೆ ಬಂದು ನಿಂತ. ಬೆಳಗಿನ ಹತ್ತು ಗಂಟೆ, ಸ್ನಾನ ಮಾಡಿದ್ದ.

"ಡಾಕ್ಟರ್ ನನ್ನ ಮಾತ ಹೇಳಿದ್ರಲ್ಲ?"

"ಹೇಳಿದ್ರು. ಕೇಳು, ಏನ್ ಬೇಕು?"

"ಒಂದು ಕ್ವಾರ್ಟರು. ಹೊಸಪ್ಯಾಟಿ ವೈನ್ ಶಾಪ್‌ನ್ಯಾಗ, ಲೈನಿನ್ಯಾಗ ನಿಂತು, ನೀನ ತಗೊಂಡು ಬರಬೇಕು."

ಹೊಡೆಯಲು ಕೈ ಎತ್ತಿದೆ. ಅವನು ಅಲ್ಲಾಡಲಿಲ್ಲ.

"ದುಡ್ಡು ಬೇಕಾದ್ರ ನಾ ಕೊಡ್ತೀನಿ. ನೀ ಲೈನಿನ್ಯಾಗ ನಿಲ್ಲು, ಅಷ್ಟ. ಆವತ್ತು ಕಟ್ಟಿ ಮ್ಯಾಲ ನಿಂತು ನನಗ ಬೈದಿ, ಖರೇ ಐತಿ, ನಾ ಕುಡಿತೀನಿ. ನಮ್ಮಪ್ಪ ಮೂಕಣ್ಣಗೂ ಕುಡುಕ ಅಂದಿ. ನಮ್ಮಪ್ಪ ಸಾಯೋತನಕ ಒಂದು ಹನಿ ಮುಟ್ಟಿದ್ದಿಲ್ಲ. ಅವನ ಪರವಾಗಿ ನಾ ಹೇಳಾಕ ಹೋದ್ರ, ಕುಡುಕನ ಸಾಕ್ಷಿ ಅಂತ ಮಂದಿ ನಕ್ರು."

ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ತಲೆ ಕೆರೆದುಕೊಂಡೆ. ಮೂಕಣ್ಣನ ಮುಖ ಕೂಡ ನನಗೆ ಸರಿಯಾಗಿ ನೆನಪಿರಲಿಲ್ಲ. ಬೈಯುವ ಭರದಲ್ಲಿ ಹೆಸರು ಬಂದಿತ್ತು, ಸೇರಿಸಿದ್ದೆ.

"ಕಟ್ಟಿ ಮ್ಯಾಲ ನಿಂತು ತಪ್ಪಾತು ಅಂತೀನಿ," ಅಂದೆ.

"ಮಾತು ಬ್ಯಾಡ. ಮಾತು ನೀ ಭಾಳ ಆಡ್ತಿ. ಲೈನಿಗೆ ನಡಿ."

ನಡೆದೆ. ಹಣೆಯ ಮೇಲೆ ವಿಭೂತಿ ಇತ್ತು, ಒರೆಸಲು ಮನಸ್ಸಾಗಲಿಲ್ಲ. ವೈನ್ ಶಾಪಿನ ಮುಂದೆ ಹದಿನೈದು ಮಂದಿ. ಹುಲುಗೇಶ್ ರಸ್ತೆಯ ಆಚೆ ಕಬ್ಬಿನಹಾಲಿನ ಗಾಡಿಯ ಹತ್ತಿರ ನಿಂತ. ಬಾರಲೇ ಅಂದರೆ, "ನಾ ಬಂದ್ರ ನನಗಂತ ತಿಳ್ಕೊಂತಾರ," ಅಂದ. ಸಾಲಿನಲ್ಲಿ ನನ್ನ ಬಸ್ಸಿನವರೇ ಮೂವರಿದ್ದರು. ಒಬ್ಬ ಗೌರವದಿಂದ ನನ್ನನ್ನು ಮುಂದೆ ಬಿಟ್ಟ.

"ಯಾವುದು?" ಅಂದ ಕೌಂಟರಿನವನು.

ಒಂದರ ಹೆಸರೂ ನನಗೆ ಗೊತ್ತಿರಲಿಲ್ಲ. "ಯಾವುದಾದ್ರೂ ಕೊಡು. ನನಗಲ್ಲ."

"ಇಲ್ಲಿ ಯಾರೂ ತಮಗಂತ ತಗೊಳಂಗಿಲ್ಲಣ್ಣ," ಅಂದು ಅವನು ಒಂದನ್ನು ಪೇಪರಿನಲ್ಲಿ ಸುತ್ತಿದ. ಕೈಗೆ ತೆಗೆದುಕೊಂಡು ತಿರುಗಿದರೆ ಎದುರಿಗೆ ಬೈಕಿನ ಮೇಲೆ ಲಿಂಗರಾಜ್, ಹಿಂದೆ ಹೆಂಡತಿ. ಅವನು ಬಾಟಲಿ ನೋಡಿದ, ನನ್ನ ಎರಡು ಬಿಳಿ ಕಣ್ಣು ನೋಡಿದ, ಗೇರು ಹಾಕಿದ.

ಸೋಮವಾರ ಬೆಳಿಗ್ಗೆ ಮಿಷನ್ ಸೊನ್ನೆ ತೋರಿಸಿತು. ಲಿಂಗರಾಜ್ ಇನ್ನೊಮ್ಮೆ ಅಂದ. ಊದಿದೆ. ಮತ್ತೊಮ್ಮೆ ಅಂದ. ನಾನು ಬೈಯುತ್ತೇನೆಂದು ಡ್ರೈವರುಗಳೆಲ್ಲ ಕಾಯುತ್ತಿದ್ದರು. ಸುಮ್ಮನೆ ಊದಿದೆ. ಈಗಲೂ ದಿನಾ ಮೂರು ಸಲ ಊದುತ್ತೇನೆ.

ಹುಲುಗೇಶ್ ಆ ಬಾಟಲಿಯನ್ನು ಇನ್ನೂ ತೆಗೆದಿಲ್ಲ. ಮನೆಯ ಗೂಡಿನಲ್ಲಿ, ಅವರಪ್ಪನ ಫೋಟೋದ ಪಕ್ಕ ಇಟ್ಟಿದ್ದಾನೆ. ಬಂದವರಿಗೆಲ್ಲ ತೋರಿಸುತ್ತಾನೆ: ಸ್ವಾಮಣ್ಣ ಲೈನಿನಲ್ಲಿ ನಿಂತು ತಂದದ್ದು. ಕುಡಿಯುವುದೇನೂ ಬಿಟ್ಟಿಲ್ಲ, ಬೇರೆಯದನ್ನು ದಿನಾ ಕುಡಿಯುತ್ತಾನೆ. ಮೊನ್ನೆ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ ಕೇಳಿದೆ:

"ಲೇ, ಅದನ್ನ ಯಾವಾಗ ಖಾಲಿ ಮಾಡ್ತಿ?"

"ಖಾಲಿ ಮಾಡಿದ್ರ ಸಾಕ್ಷಿ ಹೋಗ್ತೈತಿ ಸ್ವಾಮಣ್ಣ," ಅಂದ. ಅವನ ಎರಡು ಕಣ್ಣೂ ಕೆಂಪಗಿದ್ದವು.

ಹಿಂದಿನ ಸೀಟಿನಿಂದ ಯಾರೋ ಹೊತ್ತಾಯಿತು ಎಂದು ಕೂಗಿದರು. ಅವರಿಗೆ ಬೈದು ಗೇರು ಹಾಕಿದೆ. ಅಪ್ಪಂದಿರ ಹೆಸರು ಮಾತ್ರ ಬಿಟ್ಟೆ.